ಬಂಗಲೆಯ ಹುಲ್ಲು ಮತ್ತು ನಮ್ಮ ನಾಯಿ

ನಾನು ಮದುವೆಯಾಗಿ ಸೂಳಗಿರಿಗೆ ಬಂದಾಗ ತವರಿನ ನಾಯಿಯೂ ನನ್ನ ಹಿಂದೆಯೇ ಬಂತು. ಯಾರೂ ಕರೆದಿರಲಿಲ್ಲ. ಗಾಡಿಯ ನೆರಳಿನಲ್ಲೇ ನಡೆದು ಬಂದು, ನಾನು ಇಳಿಯುವ ಮೊದಲೇ ಗಂಡನ ಮನೆಯ ಬಾಗಿಲಲ್ಲಿ ಕುಳಿತಿತ್ತು. ಆರತಿ ತಟ್ಟೆ ಹಿಡಿದು ನಿಂತಿದ್ದ ಅತ್ತೆ, ನಿಮ್ಮಪ್ಪ ಹಸು ಕೊಡ್ತೀನಿ ಅಂದಿದ್ದು, ನಾಯಿ ಕಳಿಸವ್ನಲ್ಲ ಎಂದರು. ಬಂದವರೆಲ್ಲ ನಕ್ಕರು. ನನಗೆ ಮಾತ್ರ ಅಳು ಬಂತು.

ಅತ್ತೆ ಕೆಟ್ಟವರಲ್ಲ, ಮಾತು ಕಡಿಮೆ. ನಾಯಿಯನ್ನು ಅವರು ಮುಟ್ಟುತ್ತಿರಲಿಲ್ಲ. ಮಿಕ್ಕ ಮುದ್ದೆಯನ್ನು ಹಿತ್ತಿಲ ಕಲ್ಲಿನ ಮೇಲೆ ಇಟ್ಟು ಒಳಗೆ ಬಂದುಬಿಡುತ್ತಿದ್ದರು.

ನನ್ನ ಯಜಮಾನರು ಊರಾಚೆಯ ಬಂಗಲೆಯಲ್ಲಿ ಮಾಲಿಯಾಗಿದ್ದರು. ನಮ್ಮ ಮನೆ ಅದರ ಹಿಂಬದಿಯಲ್ಲೇ. ಬಂಗಲೆಯಲ್ಲಿದ್ದವರು ರಸ್ತೆ ಕೆಲಸದ ಎಂಜಿನಿಯರು, ಮದರಾಸಿನ ಕಡೆಯ ತಮಿಳರು. ಮುಂದುಗಡೆ ಒಂದು ಅಗಲವಾದ ಹುಲ್ಲುಹಾಸು. ಸುತ್ತಲಿನ ಹೊಲವೆಲ್ಲ ಬೆಂದು ಕೆಂಪಗೆ ಬಿರಿದಿದ್ದಾಗಲೂ ಅದೊಂದು ಮಾತ್ರ ಹಸಿರಾಗಿರುತ್ತಿತ್ತು. ಆದರೆ ಅದರ ತುಂಬ ಜೇಕು. ಕಿತ್ತಷ್ಟೂ ಗಡ್ಡೆಯಿಂದ ಮತ್ತೆ ಚಿಗುರುವ ಕಳೆ ಅದು.

ಎರಡನೇ ಮಹಾಯುದ್ಧ ಮುಗಿದ ಮೇಲಿನ ಬೇಸಿಗೆ. ಎಂಜಿನಿಯರು ಮದರಾಸಿನಿಂದ ಕಳೆ ಸಾಯಿಸುವ ಔಷಧಿಯ ಡಬ್ಬವೊಂದನ್ನು ತರಿಸಿದರು. ಅಂಥದ್ದೊಂದು ಇದೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಯಜಮಾನರು ಅವರು ಹೇಳಿದ ಅಳತೆಯಲ್ಲೇ ನೀರಿಗೆ ಬೆರೆಸಿ, ಸಾಯಂಕಾಲ ಹುಲ್ಲಿನ ಮೇಲೆಲ್ಲ ಚಿಮುಕಿಸಿ, ಕೈಕಾಲು ತೊಳೆದು ಮನೆಗೆ ಬಂದರು. ನಾಯಿಗೆ ಯಾರು ಹೇಳಬೇಕು? ಸೆಕೆಯ ದಿನಗಳಲ್ಲಿ ಒದ್ದೆ ಹುಲ್ಲಿನಲ್ಲಿ ಹೊಟ್ಟೆ ಊರಿ ಮಲಗುವುದು ಅದರ ರೂಢಿ.

ಮಾರನೆಯ ದಿನ ಬೆಳಿಗ್ಗೆ ಅದು ಬಚ್ಚಲ ಹತ್ತಿರ ಬಿದ್ದುಕೊಂಡಿತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ವಾಂತಿ ಮಾಡಿಕೊಂಡಿತ್ತು. ಏಳಲು ಹೋದರೆ ಹಿಂಗಾಲು ನಡುಗಿ ಕುಸಿಯುತ್ತಿತ್ತು. ಹಾವು ಮುಟ್ಟಿದೆ ಎಂದರು ಪಕ್ಕದ ಮನೆಯವರು. ಎಲ್ಲೋ ಸತ್ತ ಇಲಿ ತಿಂದಿದೆ ಎಂದರು ಇನ್ನೊಬ್ಬರು. ಯಜಮಾನರು ಮಾತ್ರ ಹುಲ್ಲಿನ ಕಡೆ ನೋಡುತ್ತಾ ನಿಂತರು. ನಾಯಿ ಮಲಗಿದ್ದ ಗುರುತು ಅಲ್ಲಿ ಹಾಗೇ ಇತ್ತು.

ಎಂಜಿನಿಯರು ಕ್ಯಾಂಪಿಗೆ ಹೋಗಿದ್ದರು. ಅವರ ಹೆಂಡತಿ ಸುದ್ದಿ ಕೇಳಿ ತಾವೇ ಹಿಂಬದಿಗೆ ಬಂದರು. ನಾಯಿಯನ್ನು ನೋಡಿದವರೇ ಒಳಗಿನಿಂದ ಆ ಡಬ್ಬವನ್ನು ತಂದು, ಅದರ ಹೆಸರಿನ ಚೀಟಿ ಸಮೇತ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಹೊಸೂರಿನ ದನದ ಆಸ್ಪತ್ರೆಯಲ್ಲಿ ಡಾಕ್ಟರಿದ್ದಾರೆ, ಯಾವ ಔಷಧಿ ಎಂದು ತೋರಿಸದೆ ಅವರಿಂದೇನು ಮಾಡಲಾದೀತು ಎಂದು ತಮಿಳಿನಲ್ಲಿ ಹೇಳಿದರು. ತಮ್ಮ ಮನೆಯ ಔಷಧಿಯಿಂದ ಹೀಗಾಯಿತೆಂದು ಊರು ಆಡಿಕೊಂಡೀತೆಂಬ ಅಳುಕು ಅವರಿಗೆ ಬರಲಿಲ್ಲ. ಅದನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಯಜಮಾನರು ಬಂಗಲೆ ಬಿಟ್ಟು ಬರುವಂತಿರಲಿಲ್ಲ. ಒಬ್ಬಳೇ ಹೇಗೆ ಹೋಗಲಿ ಎಂದು ನಾನು ನಿಂತಿದ್ದೆ. ಅತ್ತೆ ಒಳಗೆ ಹೋಗಿ ಹಳೆಯ ಗೋಣಿಯೊಂದನ್ನು ತಂದು ನೆಲಕ್ಕೆ ಹಾಸಿದರು. ನಾಯಿಯನ್ನು ಎರಡೂ ಕೈಯಿಂದ ಎತ್ತಿ ಅದರ ಮೇಲೆ ಮಲಗಿಸಿದರು. "ಆ ತುದಿ ಇಡ್ಕೊ, ನಡಿ," ಎಂದರು. ಅಷ್ಟೇ.

ಪೆಟ್ರೋಲು ಸಿಗದೆ ಆಗಿನ ಬಸ್ಸು ಇದ್ದಿಲಿನ ಹೊಗೆಯಲ್ಲಿ ಓಡುತ್ತಿತ್ತು. ಹಿಂದೆ ಒಂದು ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಬಂತು. ಕಂಡಕ್ಟರು ಗೋಣಿಯೊಳಗೆ ಇಣುಕಿ, ನಾಯಿಯನ್ನು ಹತ್ತಿಸಲು ಆಗದು ಎಂದ. ಒಳಗಿದ್ದವರೂ ಹುಚ್ಚು ನಾಯಿ ಇರಬಹುದೆಂದು ಗುಜುಗುಜು ಶುರುಮಾಡಿದರು. ಅತ್ತೆ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತುಬಿಟ್ಟರು.

"ಹುಚ್ಚಲ್ಲ ಕಣಪ್ಪ, ವಿಷ ಮೆಟ್ಬುಟ್ಟದೆ. ನಮ್ ಸೊಸೆ ತವರಿಂದ ಬಂದಿದ್ದು ಇದೊಂದೇಯ. ಇದನ್ನ ಬುಟ್ಟು ನಾನು ಹತ್ತಾಕಿಲ್ಲ, ನಾನು ಹತ್ದೆ ನಿನ್ ಬಸ್ಸೂ ಓಗಾಕಿಲ್ಲ."

ನಾನು ಅತ್ತೆಯ ಮುಖವನ್ನೇ ನೋಡಿದೆ. ಅವರು ನನ್ನ ಕಡೆ ತಿರುಗಲಿಲ್ಲ. ಕೊನೆಗೆ ಮಾವಿನ ಬುಟ್ಟಿಗಳ ನಡುವೆ ಕುಳಿತಿದ್ದ ತೆಲುಗಿನ ಮುದುಕರೊಬ್ಬರು ತಮ್ಮ ಬುಟ್ಟಿ ಸರಿಸಿ ಜಾಗ ಮಾಡಿಕೊಟ್ಟರು. ಬಸ್ಸು ಏರಿನಲ್ಲಿ ನಿಂತಾಗ ಗಂಡಸರೆಲ್ಲ ಇಳಿದು ತಳ್ಳಿದರು. ಆ ಮುದುಕರು ಮಾತ್ರ ಇಳಿಯದೆ ತಮ್ಮ ಚೊಂಬಿನ ನೀರಿನಲ್ಲಿ ನಾಯಿಯ ಮೂತಿ ಒರೆಸುತ್ತಿದ್ದರು.

ಹೊಸೂರಿನ ಡಾಕ್ಟರು ಇನ್ನೂ ಹರೆಯದವರು. ತಮಿಳು ಬೆರೆತ ಕನ್ನಡ. ಡಬ್ಬದ ಚೀಟಿಯನ್ನು ನಿಧಾನವಾಗಿ ಓದಿದರು, ನಾಯಿಯ ಕಣ್ಣು, ವಸಡು, ಹೊಟ್ಟೆ ನೋಡಿದರು. ಅತ್ತೆ ಹರಳೆಣ್ಣೆ ಕುಡಿಸಲೇ ಎಂದು ಕೇಳಿದ್ದಕ್ಕೆ ಬೇಡವೆಂದರು. ಇದು ಆ ಔಷಧಿಯಿಂದಲೇ ಆಯಿತೇ ಎಂದು ನಾನು ಕೇಳಿದೆ.

"ಇರಬಹುದಮ್ಮ, ಇಲ್ಲದೇನೂ ಇರಬಹುದು. ಗೊತ್ತಿಲ್ಲದ್ದನ್ನ ಗೊತ್ತು ಅಂತ ಹೇಳಲ್ಲ. ಅದೇ ಅಂತ ತಿಳ್ಕೊಂಡು ನೋಡೋಣ."

ಮೊದಲು ಸೋಪು ಹಾಕಿ ಮೈ, ಪಾದ, ಬೆರಳ ಸಂದಿಯನ್ನೆಲ್ಲ ತೊಳೆಸಿದರು. ರೋಮಕ್ಕೆ ಅಂಟಿದ್ದನ್ನು ನೆಕ್ಕಿದರೆ ಮತ್ತೆ ಹೊಟ್ಟೆಗೆ ಹೋಗುತ್ತದೆ ಎಂದರು. ಆಮೇಲೆ ಮದ್ದು ಕುಡಿಸಿ, ಸೂಜಿ ಹಾಕಿ, ಆಸ್ಪತ್ರೆಯ ಹುಣಸೆ ಮರದ ಕೆಳಗೆ ಮಲಗಿಸಲು ಹೇಳಿದರು. ಗಂಜಿಯ ತಿಳಿಯನ್ನು ಸ್ವಲ್ಪ ಸ್ವಲ್ಪವೇ ಕೊಡಬೇಕು. ಆಸ್ಪತ್ರೆಯ ಕಂಪೌಂಡರರ ಹೆಂಡತಿ ಗಂಜಿ ಕಾಯಿಸಿ ತಂದರು. ಅದರ ಜೊತೆಗೆ ಕೇಳದೆಯೇ ನಮಗೂ ಅನ್ನ ಸಾರು ತಂದರು.

ಕೆಲವು ದಿನ ಕಂಪೌಂಡರರ ಮನೆಯ ಜಗಲಿಯೇ ನಮಗೆ ಮನೆಯಾಯಿತು. ಅತ್ತೆ ಬೆರಳನ್ನು ತಿಳಿಯಲ್ಲಿ ಅದ್ದಿ ನಾಯಿಯ ನಾಲಿಗೆಗೆ ಹಚ್ಚುತ್ತಿದ್ದರು. ಹಾಗೆ ಹಚ್ಚುತ್ತಲೇ ಒಂದು ಮಧ್ಯಾಹ್ನ ತಾವಾಗಿಯೇ ಮಾತು ತೆಗೆದರು. ತಾವು ಮದುವೆಯಾಗಿ ಬಂದಾಗ ಇನ್ನೂ ಚಿಕ್ಕವರಂತೆ, ತವರು ನಾಟ್ರಾಂಪಾಳ್ಯದ ಕಾಡಿನಾಚೆಯಂತೆ. ಅಲ್ಲಿಂದ ಒಂದು ಕಾಗೆಯೂ ನನ್ನ ಹಿಂದೆ ಬರಲಿಲ್ಲ ಕಣೆ ಎಂದರು. ಅಷ್ಟು ಹೇಳಿ ಮತ್ತೆ ಬೆರಳನ್ನು ತಿಳಿಯಲ್ಲಿ ಅದ್ದಿದರು. ನಾನು ಅವರ ಪಕ್ಕಕ್ಕೆ ಸರಿದು ಕುಳಿತೆ.

ನಾಯಿ ಒಂದು ಬೆಳಿಗ್ಗೆ ತಾನೇ ಎದ್ದು, ಓಲಾಡಿಕೊಂಡು ಹೋಗಿ ದನದ ತೊಟ್ಟಿಯಲ್ಲಿ ನೀರು ಕುಡಿಯಿತು. ಡಾಕ್ಟರು ಕಿಟಕಿಯಿಂದ ನೋಡಿ ಹೊರಗೆ ಬಂದು ನಿಂತರು. ಅತ್ತೆ ಅವರಿಗೆ ಕೈ ಮುಗಿದರು. ಅವರು ನಾಚಿಕೊಂಡು, ಹೊತ್ತಿಗೆ ಸರಿಯಾಗಿ ಕರೆತಂದಿರಿ, ಅದೇ ದೊಡ್ಡದು ಎಂದರು.

ಊರಿಗೆ ಬರುವಷ್ಟರಲ್ಲಿ ಎಂಜಿನಿಯರು ಕ್ಯಾಂಪಿನಿಂದ ಮರಳಿದ್ದರು. ಉಳಿದ ಔಷಧಿಯನ್ನು ಇನ್ನು ಮುಟ್ಟುವುದು ಬೇಡ, ಕಳೆಯನ್ನು ಕೈಯಲ್ಲೇ ಕೀಳಿಸೋಣ ಎಂದು ಅವರೇ ಹೇಳಿದರು. ಒಂದೆರಡು ಮಳೆ ಬಿದ್ದು ನೆಲ ತೊಳೆದ ಮೇಲೆ ಆ ಕೆಲಸ ಅತ್ತೆಗೂ ನನಗೂ ಬಂತು. ಬೆಳಗಿನ ತಂಪಿನಲ್ಲಿ ಇಬ್ಬರೂ ಕುಕ್ಕರಗಾಲಲ್ಲಿ ಕುಳಿತು ಜೇಕಿನ ಗಡ್ಡೆ ಅಗೆಯುತ್ತಿದ್ದೆವು. ಅತ್ತೆ ತಮ್ಮ ಕಾಡಿನ ಊರಿನ ಕತೆ ಹೇಳುತ್ತಿದ್ದರು, ನಾನು ನಮ್ಮೂರಿನದು. ಹಿಂಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದ ನಾಯಿಯನ್ನು ಯಜಮಾನರು ಮನೆಯ ಕಂಬಕ್ಕೇ ಕಟ್ಟಿರುತ್ತಿದ್ದರು. ನಮ್ಮ ದನಿ ಕೇಳಿದಾಗಲೆಲ್ಲ ಅದು ಬೊಗಳುತ್ತಿತ್ತು. ಅತ್ತೆ ಅಗೆಯುವುದನ್ನು ನಿಲ್ಲಿಸಿ, ಬತ್ತೀನಿ ಇರು ಎಂದು ಅಲ್ಲಿಂದಲೇ ಅದಕ್ಕೆ ಹೇಳುತ್ತಿದ್ದರು.