ಎರಡು ಇಂಚು ಇಳಿದ ಕಾರು

ಎಮ್ಮಿಗನೂರಿನ ಗಾದಿಲಿಂಗಪ್ಪನಿಗೆ ಇದ್ದದ್ದು ಎರಡೇ ಆಸ್ತಿ: ಕಂಪ್ಲಿಯ ರಸ್ತೆಬದಿಯ ಗ್ಯಾರೇಜು, ಊರ ಕಾಲುವೆಯ ಕೊನೆಗೆ ಒಂದೂವರೆ ಎಕರೆ ಭತ್ತದ ಗದ್ದೆ. ಇಪ್ಪತ್ತು ವರ್ಷ ಲಾರಿಗಳ ಕೆಳಗೆ ಮಲಗಿ ಎದ್ದ ಮನುಷ್ಯ. ಮಾತು ಕಡಿಮೆ, ಸಿಟ್ಟು ಜಾಸ್ತಿ. ಎಂಬತ್ತನಾಲ್ಕನೇ ಇಸವಿಯಲ್ಲಿ ಆ ಸಿಟ್ಟೆಲ್ಲ ಸಾವ್ಕಾರ ಮರಿಸ್ವಾಮಿಯೊಬ್ಬನ ಮೇಲೆಯೇ ಇತ್ತು.

ಈ ಮರಿಸ್ವಾಮಿ ತನ್ನ ಮನೆ ಮುಂದಿನ ರಸ್ತೆಗೆ ಅಡ್ಡಲಾಗಿ ಕಾಲುವೆಯಿಂದ ಪೈಪು ಹಾಕಿ, ಮೇಲೆ ಮಣ್ಣಿನ ದಿಬ್ಬ ಏರಿಸಿ, ಕೆಳಗಿನವರ ಸರದಿಯ ನೀರನ್ನೂ ತನ್ನ ಕಬ್ಬಿಗೆ ತಿರುಗಿಸಿಕೊಂಡಿದ್ದ. ಗಾದಿಲಿಂಗಪ್ಪನ ಪೈರು ಹಳದಿಯಾಗುತ್ತಿತ್ತು. ಇನ್ನು ಎಂಟು ದಿನ ನೀರು ಬರದಿದ್ದರೆ ವರ್ಷದ ಅನ್ನ ಹೋದಂತೆಯೇ. ಕೇಳಲು ಹೋದ ಹೆಂಡತಿ ಭೀಮಮ್ಮನನ್ನು ಆ ದೊಡ್ಡ ಮನುಷ್ಯ ಅಂಗಳದಿಂದಲೇ ಗದರಿಸಿ ಕಳಿಸಿದ್ದ.

ಅದೇ ವಾರ ಅವನೇ ನಾಚಿಕೆಯಿಲ್ಲದೆ ಗ್ಯಾರೇಜಿಗೆ ಬಂದ. ಬೊಂಬಾಯಿಯಿಂದ ತರಿಸಿದ ಹಳೇ ವಿದೇಶಿ ಕಾರು. ಮಗಳ ಮದುವೆಗೆ ಅಳಿಯನನ್ನು ಅದರಲ್ಲೇ ಮನೆ ಬಾಗಿಲಿಗೆ ಕರೆತರಬೇಕಂತೆ.

"ಮುಂದ ತಗ್ಗಿ ಕುಂತಂಗ ಕಾಣಬೇಕಲೇ. ಸ್ಪ್ರಿಂಗ್ ಕತ್ತರಿಸಿ ಒಗಿ."

"ಕತ್ತರಿಸಿದ್ರ ಭಾಳ ಕುಣೀತೈತ್ರಿ. ಸ್ಟಬ್ ಆಕ್ಸಲ್ ಬದಲಿ ಮಾಡ್ತೀನಿ."

ಸ್ಟಬ್ ಆಕ್ಸಲ್ ಎಂದರೆ ಮುಂದಿನ ಗಾಲಿ ಕೂರುವ ಕಬ್ಬಿಣ. ಅದರಲ್ಲಿ ಗಾಲಿಯ ಗೂಟ ಎರಡು ಇಂಚು ಮೇಲಿದ್ದರೆ ಕಾರು ಎರಡು ಇಂಚು ಕೆಳಗೆ. ಅಂಥ ಜೋಡಿ ಹೊಸಪೇಟೆಯ ಗುಜರಿಯಲ್ಲಿತ್ತು. ಕೊಳ್ಳುವ ಮೊದಲು ಗಾದಿಲಿಂಗಪ್ಪ ಸೈಕಲ್ ಹತ್ತಿ ಹೋಗಿ ಮರಿಸ್ವಾಮಿಯ ದಿಬ್ಬವನ್ನು ಗೇಣು ಹಾಕಿ ಅಳೆದು ಬಂದ.

ಕೆಲಸದಲ್ಲಿ ಮೋಸ ಮಾಡಲಿಲ್ಲ. ಹಳೆಯ ಜೋಡಿ ಬಿಚ್ಚಿ, ಬೇರಿಂಗಿಗೆ ಗ್ರೀಸು ತುಂಬಿ, ಗುಜರಿಯದನ್ನು ಕೂರಿಸಿದ. ಬ್ರೇಕು, ಸ್ಟೇರಿಂಗು ಎರಡೆರಡು ಸಲ ನೋಡಿದ. ಸಿಟ್ಟಿಗೂ ಒಂದು ಮರ್ಯಾದೆ ಬೇಕಲ್ಲ!

ಮದುವೆಯ ಹಿಂದಿನ ದಿನ ಕಾರು ಮರಿಸ್ವಾಮಿಯ ಮನೆ ಮುಂದಿನ ದಿಬ್ಬದ ಮೇಲೆ ಹೊಟ್ಟೆ ಊರಿ ನಿಂತಿತು. ಮುಂದಕ್ಕೂ ಹೋಗಲೊಲ್ಲದು, ಹಿಂದಕ್ಕೂ ಬರಲೊಲ್ಲದು. ಗಾದಿಲಿಂಗಪ್ಪನನ್ನು ಕರೆಸಿದರು.

"ಹಳೇವು ಈಗ್ಲೇ ಹಾಕಲೇ, ಕಳ್ಳ!"

"ಎರಡು ದಿನ ಬೇಕ್ರಿ ಸಾವ್ಕಾರ್ರ. ಬೀಗ್ರು ನಾಳೆನ ಬರ್ತಾರ."

ಬೀಗರ ಮುಂದೆ ಮಾನ ಹೋಗುವುದಕ್ಕಿಂತ ದಿಬ್ಬ ಹೋಗುವುದೇ ಲೇಸಾಯಿತು. ಮರಿಸ್ವಾಮಿಯ ಆಳುಗಳೇ ಗುದ್ದಲಿ ಹಿಡಿದು ಮಣ್ಣು ಅಗೆದರು, ಪೈಪು ಕಿತ್ತು ಬಿಸಾಕಿದರು. ಸಂಜೆಗೆ ನೀರು ಕೊನೆಯ ಗದ್ದೆ ಮುಟ್ಟಿತು. ಭೀಮಮ್ಮ ಅದರಲ್ಲಿ ನಿಂತುಕೊಂಡೇ ಸಾವ್ಕಾರನನ್ನು ಬಾಯಿ ತುಂಬ ಬೈದಳು.

ಮದುವೆ ಮುಗಿದ ಮೂರನೇ ದಿನ ಮರಿಸ್ವಾಮಿ ಹಲ್ಲು ಕಡಿಯುತ್ತ ಗ್ಯಾರೇಜಿಗೆ ಬಂದ.

"ಕಾರು ಎತ್ತರ ಮಾಡಲೇ. ಪೈಪ್ ಹೊಳ್ಳಿ ಹಾಕಬೇಕು."

ಗಾದಿಲಿಂಗಪ್ಪ ಹಳೆಯ ಆಕ್ಸಲ್‌ಗಳ ಮೇಲೆ ಗೋಣಿಚೀಲ ಹಾಸಿ ಕುಳಿತಿದ್ದ. ಏಳಲಿಲ್ಲ.

"ನಮ್ಮ ಭತ್ತ ಕೊಯ್ದ ಮ್ಯಾಲ ಬರ್ರಿ."