ಶರಣಮ್ಮ ನಿಂತ ಜಾಗ

ಬಸ್ಸಿಗೆ ಕಾಯುವಾಗ ಶರಣಮ್ಮ ಕುಳಿತದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಒರಗುವುದಕ್ಕೆ ಪಕ್ಕದಲ್ಲೇ ಕರೆಂಟಿನ ಕಂಬವಿತ್ತು, ಕೂರುವುದಕ್ಕೆ ಯಾರೋ ಬಿಟ್ಟುಹೋದ ಚಪ್ಪಡಿಕಲ್ಲಿತ್ತು. ಎರಡನ್ನೂ ಬಿಟ್ಟು ಅವಳು ರಸ್ತೆಯಂಚಿನಲ್ಲಿ ನೆಟ್ಟಗೆ ನಿಂತಿರುತ್ತಿದ್ದಳು. ಇಪ್ಪತ್ತು ವರ್ಷ ಇಟ್ಟಿಗೆ, ಮರಳು, ಸಿಮೆಂಟಿನ ಬುಟ್ಟಿ ಹೊತ್ತ ಕುತ್ತಿಗೆ ಅದು. ಬುಟ್ಟಿ ಇಳಿಸಿದ ಮೇಲೂ ಬಾಗುವುದನ್ನು ಮರೆತಿತ್ತು. ಎಡಗೈಯಲ್ಲಿ ಬುತ್ತಿಯ ಚೀಲ. ಬಸ್ಸಿನ ಮುಖ ಕಂಡೊಡನೆ ಬಲಗೈ ಮೇಲೇಳುತ್ತಿತ್ತು. "ಕುಂತವರನ್ನ ಡ್ರೈವರ್ ನೋಡೂದಿಲ್ರಿ ಅಕ್ಕಾರ" ಎನ್ನುತ್ತಿದ್ದಳು. ವಿಶೇಷವೆಂದರೆ ಅವಳು ನಿಲ್ಲುತ್ತಿದ್ದ ಜಾಗದಲ್ಲಿ ಆಗ ಬಸ್ ಸ್ಟಾಪೇ ಇರಲಿಲ್ಲ.

ನನ್ನ ಗಂಡನಿಗೆ ಹೈದರಾಬಾದಿನ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ. ಅದಕ್ಕೆಂದೇ ಶಂಶಾಬಾದಿನಿಂದ ಇನ್ನೂ ಆಚೆ, ಹೊಸದಾಗಿ ಎದ್ದ ಐದು ಟವರುಗಳಲ್ಲಿ ಒಂದರಲ್ಲಿ ಮನೆ ತೆಗೆದುಕೊಂಡಿದ್ದೆವು. ಬಿಲ್ಡರ್ ಕೊಟ್ಟ ಬಣ್ಣದ ಪುಸ್ತಕದಲ್ಲಿ ಶಾಲೆ, ಆಸ್ಪತ್ರೆ, ಪಾರ್ಕು, ಬಸ್ಸು ಎಲ್ಲವೂ ಐದೇ ನಿಮಿಷ. ಯಾವ ವಾಹನದಲ್ಲಿ ಐದು ನಿಮಿಷ ಎಂದು ಬರೆದಿರಲಿಲ್ಲ. ನಾವು ಬಂದಾಗ ಇದ್ದದ್ದು ಲಿಫ್ಟು, ನೀರಿನ ಟ್ಯಾಂಕರು, ಗೇಟಿನ ಹೊರಗೊಂದು ಟೀ ಡಬ್ಬ. ಗಂಡನನ್ನು ಕರೆದೊಯ್ಯಲು ಕಂಪನಿಯ ಗಾಡಿ ಬರುತ್ತಿತ್ತು. ನನ್ನ ಆಫೀಸು ಇದ್ದದ್ದು ಬೇಗಂಪೇಟೆಯಲ್ಲಿ. ಗೇಟಿನ ಎದುರಿನ ರಸ್ತೆಯಲ್ಲೇ ಸಿಟಿ ಬಸ್ಸು ಹೋಗುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ. ಹತ್ತಿರದ ಸ್ಟಾಪು ಎರಡು ಕಿಲೋಮೀಟರು ದೂರ. ಅಲ್ಲಿಗೆ ಲಾರಿಗಳ ಧೂಳು ಕುಡಿಯುತ್ತ ನಡೆಯಬೇಕಿತ್ತು. ನಮ್ಮ ಅತ್ತೆ ಮೊದಲ ವಾರವೇ ತೀರ್ಪು ಕೊಟ್ಟುಬಿಟ್ಟರು: "ಸಾಕವ್ವ ಆ ನೌಕರಿ, ಬಿಟ್ಟು ಮನ್ಯಾಗ ಇರು."

ಹನ್ನೊಂದು ವರ್ಷ ಮಾಡಿದ ಕೆಲಸ. ಬಿಡಲು ನನಗೆ ಮನಸ್ಸಿರಲಿಲ್ಲ. ಬೆಳಿಗ್ಗೆ ಗೇಟು ದಾಟಿ ನಡೆಯಲು ಹೊರಟಾಗಲೇ ಕಂಬದ ಪಕ್ಕದಲ್ಲಿ ನಿಂತಿದ್ದ ಶರಣಮ್ಮನನ್ನು ನೋಡಿದ್ದು. ಕಾಸೆಯಂತೆ ಬಿಗಿದ ಸೀರೆ ನೋಡಿ ನಮ್ಮ ಕಡೆಯವಳೇ ಇರಬೇಕೆಂದು ಕನ್ನಡದಲ್ಲೇ ಕೇಳಿದೆ.

"ಇಲ್ಲಿ ಬಸ್ ನಿಲ್ಲತೈತೇನ್ರಿ?"

"ಇಲ್ರಿ."

"ಮತ್ತ ನೀವ್ಯಾಕ ನಿಂತೀರಿ?"

"ನಿಲ್ಲಲಿ ಅಂತ."

ಅವಳು ಸೇಡಂ ಹತ್ತಿರದ ಹಳ್ಳಿಯವಳು. ಗಂಡ ಸಿದ್ದಪ್ಪ ಗೌಂಡಿ, ಕಲ್ಲು-ಇಟ್ಟಿಗೆಯ ಕೆಲಸಗಾರ. ನಾವು ವಾಸವಿದ್ದ ಟವರುಗಳನ್ನು ಕಟ್ಟಿದ ಮಂದಿಯಲ್ಲಿ ಅವರಿಬ್ಬರೂ ಇದ್ದರು. ಕಟ್ಟಡ ಮುಗಿದ ಮೇಲೆ ಕಾಂಪೌಂಡಿನ ಉಳಿಕೆ ಕೆಲಸಕ್ಕೆ ಗಂಡ ನಿಂತ; ಇವಳು ಶಂಶಾಬಾದಿನ ಒಂದು ಫಂಕ್ಷನ್ ಹಾಲಿನಲ್ಲಿ ಪಾತ್ರೆ ತೊಳೆಯಲು ಸೇರಿದಳು. ಮನೆ ಎಂದರೆ ಟವರುಗಳ ಹಿಂದಿನ ತಗಡಿನ ಶೆಡ್ಡು. ಬಸ್ಸು ಕೈಯನ್ನು ಕಂಡೂ ಕಾಣದಂತೆ ಹೋದ ಮೇಲೆ ಅವಳೂ ಚೀಲವನ್ನು ತಲೆಗೇರಿಸಿ ಎರಡು ಕಿಲೋಮೀಟರು ನಡೆಯುತ್ತಿದ್ದಳು. "ಹ್ಯಾಂಗೂ ನಡಿಯೂದ ಐತಿ. ಅದಕ್ಕ ಮೊದಲ ಹತ್ತು ನಿಮಿಷ ಇಲ್ಲಿ ನಿಂತರ ಕಾಲೇನು ಸವೀತಾವು?" ನನ್ನನ್ನೂ ನಿಲ್ಲಲು ಕರೆದಳು. ಆಗ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಒಬ್ಬಾಕಿ ನಿಂತ್ರ ಹುಚ್ಚಿ ಅಂತಾರ. ಇಬ್ಬರು ನಿಂತ್ರ ಹರಟಿ ಹೊಡ್ಯಾಕತ್ತಾರ ಅಂತಾರ. ಮೂರು ಮಂದಿ ನಿಂತ್ರ ಸ್ಟಾಪ್ ಅಂತಾರ."

ನಿಂತೆ. ಮೊದಮೊದಲು ಮುಜುಗರ. ನಮ್ಮ ಟವರಿನವರ ಕಾರುಗಳು ಹೋಗುವಾಗ ಫೋನು ನೋಡುವ ನಟನೆ ಮಾಡುತ್ತಿದ್ದೆ. ಶರಣಮ್ಮ ಮಾತ್ರ ಡ್ರೈವರನ ಮುಖವನ್ನೇ ಓದುತ್ತಿದ್ದಳು. "ಇವತ್ತು ನೋಡಿದ" ಎಂದು ಒಂದು ದಿನ ಸಂತೋಷಪಟ್ಟಳು. ಮುಂದಿನ ವಾರ "ಹಾರ್ನ್ ಹೊಡದ, ಅಂದ್ರ ನಾವು ಅದೀವಿ ಅಂತ ಒಪ್ಪಿಕೊಂಡ" ಎಂದಳು. ಬಸ್ಸು ಬೈದುಕೊಂಡು ಹೋದರೂ ಅದರಲ್ಲೊಂದು ಪ್ರಗತಿ ಕಾಣುತ್ತಿದ್ದ ಹೆಂಗಸು ಅವಳು.

ಒಂದು ಬೆಳಿಗ್ಗೆ ಬಸ್ಸು ನಿಜವಾಗಿಯೂ ನಿಂತಿತು, ನಮ್ಮನ್ನು ದಾಟಿ ಮೂವತ್ತು ಹೆಜ್ಜೆ ಮುಂದೆ. ನಾನು ಓಡಲು ಸೆರಗು ಸಿಕ್ಕಿಸಿದೆ. ಶರಣಮ್ಮ ನನ್ನ ಮುಂಗೈ ಹಿಡಿದು ನಿಲ್ಲಿಸಿದಳು. ಸಿಮೆಂಟು ಕಲಸಿದ ಹಿಡಿತ, ಬಿಡಿಸಿಕೊಳ್ಳಲಾಗಲಿಲ್ಲ. ಅರ್ಧ ನಿಮಿಷ ಕಾದು ಬಸ್ಸು ಹೊರಟೇಹೋಯಿತು. ನಾನು ಬೈದೆ. ಅವಳು ಶಾಂತವಾಗಿ ಹೇಳಿದಳು: "ಇವತ್ತು ಓಡಿದ್ರ ನಾಳಿಂದ ದಿನಾ ಅಲ್ಲೇ ನಿಂದ್ರಸ್ತಾನ. ನಾವಿಬ್ರು ಓಡತೀವಿ. ಮುದುಕರು, ಬಸುರಿ ಹೆಂಗಸರು ಏನ್ ಮಾಡಬೇಕು?"

ತತ್ವ ಚೆನ್ನಾಗಿತ್ತು, ಆದರೆ ಆ ದಿನ ನಾನು ಆಫೀಸಿಗೆ ತಲುಪಿದ್ದು ಹನ್ನೊಂದಕ್ಕೆ. ಆ ತಿಂಗಳಲ್ಲಿ ಅದು ಆರನೆಯ ಸಲ. ಇನ್ನೊಮ್ಮೆ ತಡವಾದರೆ ಬೇರೆ ಯೋಚನೆ ಮಾಡಬೇಕಾಗುತ್ತದೆ ಎಂದು ಮೇಲಿನವರು ಮೆತ್ತಗೆ ಹೇಳಿದರು. ಮೆತ್ತಗೆ ಹೇಳಿದ್ದೇ ಹೆಚ್ಚು ನೋಯಿಸಿತು. ಮಧ್ಯಾಹ್ನ ಕೂತು ರಾಜೀನಾಮೆ ಪತ್ರ ಬರೆದೆ. ಕೊಡುವ ಧೈರ್ಯವಾಗದೆ ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡೆ.

ಮರುದಿನ ನನ್ನ ಮುಖ ನೋಡಿ ಶರಣಮ್ಮ ಎಲ್ಲವನ್ನೂ ಬಾಯಿ ಬಿಡಿಸಿದಳು. ಅಂದಿನಿಂದ ಅಕ್ಕಾರ ಎನ್ನುವುದು ಹೋಗಿ ನಾನು ಅವಳ ತಂಗಿಯಾದೆ. "ನಡಿ ತಂಗಿ, ಡಿಪೋಕ್ಕ ಹೋಗೂಣು" ಎಂದಳು. ಆ ಶನಿವಾರ ಇಬ್ಬರೂ ಹೋದೆವು. ಅಲ್ಲಿಯ ಅಧಿಕಾರಿ ಒಳ್ಳೆಯವರೇ. ಬರವಣಿಗೆಯಲ್ಲಿ ಕೊಡಿ ಎಂದರು. ನಮ್ಮ ಹತ್ತಿರ ಕಾಗದವಿರಲಿಲ್ಲ. ಪರ್ಸಿನಲ್ಲಿ ಇದ್ದದ್ದು ಅದೊಂದೇ. ಬೆಂಚಿನ ಮೇಲೆ ಕೂತು ರಾಜೀನಾಮೆಯ ಹಿಂಬದಿಯಲ್ಲಿ ಬಸ್ ಸ್ಟಾಪಿನ ಅರ್ಜಿ ಬರೆದೆ. ನಾನು ಸಹಿ ಮಾಡಿದೆ, ಶರಣಮ್ಮ ಹೆಬ್ಬೆಟ್ಟು ಒತ್ತಿದಳು.

ಅಧಿಕಾರಿ ಓದಿದರು. ಕಾಗದ ತಿರುಗಿಸಿ ಆ ಬದಿಯನ್ನೂ ಓದಿದರು. "ಇದೇನಮ್ಮಾ?" ಎಂದು ಹುಬ್ಬೇರಿಸಿದಾಗ ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಶರಣಮ್ಮನಿಗೆ ಓದು ಬಾರದಿದ್ದರೂ ಆ ಬದಿಯಲ್ಲಿ ಏನಿದೆಯೆಂದು ಗೊತ್ತಿತ್ತು. ಹೈದರಾಬಾದಿನಲ್ಲಿ ಕಲಿತ ತನ್ನ ಹಿಂದಿಯಲ್ಲಿ ಹೇಳಿದಳು. ಅದು ನಮ್ಮ ಮಾತಿನಲ್ಲಿ ಹೀಗೆ: "ಎರಡೂ ಕಡೆ ಓದ್ರಿ ಸಾಹೇಬ್ರ. ಈ ಕಡೀದು ನೀವು ಮಾಡಲಿಲ್ಲಂದ್ರ, ಆ ಕಡೀದು ಇಕಿ ಮಾಡತಾಳ."

ಅವರು ನಗಲಿಲ್ಲ. ಕ್ಯಾಲೆಂಡರ್ ನೋಡಿ ಒಂದು ದಿನ ಗುರುತು ಹಾಕಿದರು. ಅಂದು ಎಣಿಸಲು ಒಬ್ಬನನ್ನು ಕಳಿಸುತ್ತೇನೆ, ಬೆಳಗಿನ ಬಸ್ಸಿಗೆ ಹದಿನೈದು ಜನ ಹತ್ತಿದರೆ ಸ್ಟಾಪು ಮಾಡಿಕೊಡೋಣ ಎಂದರು. ನಾನು ಹಿಗ್ಗಿದೆ. ಹೊರಗೆ ಬಂದು ಬೆರಳು ಮಡಿಚಿ ದಿನ ಎಣಿಸಿದ ಶರಣಮ್ಮ ಸಪ್ಪಗಾದಳು. "ತಂಗಿ, ಅವತ್ತು ಎಳ್ಳಮಾಸಿ."

ಎಳ್ಳಮಾವಾಸ್ಯೆಯೆಂದರೆ ಅವಳ ಕಡೆಯವರಿಗೆ ದೊಡ್ಡ ಹಬ್ಬ. ಸೊಪ್ಪು-ಕಾಳು ಬೇಯಿಸಿದ ಭಜ್ಜಿ, ಸಜ್ಜೆ ಕಡುಬು, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಆ ಅಡುಗೆಯದೇ ಒಂದು ಪಾಲನ್ನು ಭೂಮಿತಾಯಿಗೆ ಚರಗವೆಂದು ಚೆಲ್ಲಿ, ಬದುವಿನ ಮೇಲೆ ಕೂತು ಉಣ್ಣುವ ದಿನ. ಶೆಡ್ಡುಗಳಲ್ಲಿದ್ದ ಎಲ್ಲರೂ ಹಿಂದಿನ ದಿನವೇ ಬೇಗಂಪೇಟೆಗೆ ಹೋಗಿ ಸೇಡಂ ಕಡೆಯ ರೈಲು ಹತ್ತುತ್ತಿದ್ದರು. ಬಸ್ಸು ನಿಂತರೆ ಹತ್ತುವ ಮಂದಿಯೆಂದರೆ ಅವರೇ. ದಿನ ಬದಲಿಸಿ ಎಂದು ಮತ್ತೆ ಒಳಗೆ ಹೋಗಿ ಕೇಳಲು ನನಗೆ ಬಾಯಿ ಬರಲಿಲ್ಲ, ಶರಣಮ್ಮನೂ ಬೇಡವೆಂದಳು. "ಕೊಟ್ಟ ದಿನ ಬಿಟ್ರ ಮತ್ತ ಕೊಡೂದಿಲ್ಲ."

ಅಂದು ಸಂಜೆ ಅವಳು ತಮ್ಮನಿಗೆ ಫೋನು ಮಾಡಿ "ಈ ವರ್ಸ ಬರಾಕ ಆಗೂದಿಲ್ಲಪ್ಪ, ನನ್ನ ಪಾಲಿನ ಚರಗ ನೀನ ಚೆಲ್ಲು" ಎಂದಳು. ಮದುವೆಯಾದ ಮೇಲೆ ಒಮ್ಮೆಯೂ ತಪ್ಪಿಸದ ಹಬ್ಬ. ನನ್ನ ನೌಕರಿಗಾಗಿ ಅವಳು ಅದನ್ನು ಬಿಟ್ಟಳೆಂದು ನನಗೆ ಬಹಳ ನಾಚಿಕೆಯಾಯಿತು. ಹಾಗೆಂದಾಗ, "ನಿನಗೊಬ್ಬಾಕಿಗೆ ಅಲ್ಲ ಬಿಡು" ಎಂದು ಎದ್ದಳು.

ಶೆಡ್ಡಿಂದ ಶೆಡ್ಡಿಗೆ ಹೋಗಿ ಅರ್ಧ ಮಂದಿಯನ್ನು ಉಳಿಸಿಕೊಂಡಳು. ಶಂಶಾಬಾದಿಗಿಂತ ಮೂರು ಸ್ಟಾಪು ಈಚೆ, ಅವಳಿಗೆ ಸೊಪ್ಪು ಮಾರುತ್ತಿದ್ದ ತೆಲುಗು ರೈತನೊಬ್ಬನ ತೊಗರಿ ಹೊಲವಿತ್ತು. ಅಲ್ಲಿ ಹಬ್ಬ ಮಾಡಲು ಅವನನ್ನು ಒಪ್ಪಿಸಿದಳು. "ಚರಗ ಎಲ್ಲಿ ಚೆಲ್ಲಿದ್ರೂ ಒಂದ ಭೂಮಿಗೆ ಬೀಳತೈತಿ" ಎಂಬುದು ಅವಳ ವಾದ. ಅಮಾವಾಸ್ಯೆಯ ಬೆಳಿಗ್ಗೆ ಕಂಬದ ಸುತ್ತ ತಲೆ ಮೇಲೆ ಬುಟ್ಟಿ ಹೊತ್ತ ಮಂದಿಯೋ ಮಂದಿ. ಬಸ್ಸು ಸರಿಯಾಗಿ ಕಂಬದ ಎದುರೇ ನಿಂತಿತು. ಎಣಿಸಲು ಬಂದವನು ಮೂವತ್ತರವರೆಗೆ ಎಣಿಸಿ ಪೆನ್ನು ಮುಚ್ಚಿದ.

"ಇವರು ಹಬ್ಬದ ಜನ. ನನಗೆ ಬೇಕಾದದ್ದು ದಿನಾ ಹತ್ತುವ ಜನ" ಎಂದು ಹಿಂದಿಯಲ್ಲಿ ಹೇಳಿದ.

ಶರಣಮ್ಮ ಜಗಳವಾಡುತ್ತಾಳೆಂದುಕೊಂಡೆ. ಅವಳು ಒಂದು ಕ್ಷಣ ಯೋಚಿಸಿ, ಬುಟ್ಟಿ ಇಳಿಸಿ, ಎರಡು ಕಡುಬನ್ನು ಮುತ್ತಲ ಎಲೆಯಲ್ಲಿಟ್ಟು ಅವನ ಕೈಗೆ ಕೊಟ್ಟಳು. "ನೀವು ಅಂದದ್ದು ಖರೇ ಐತ್ರಿ. ನಾಳಿಗೂ ಒಮ್ಮಿ ಬರ್ರಿ." ಹಬ್ಬದ ದಿನ ಕಡುಬು ಕೈಗೆ ತೆಗೆದುಕೊಂಡವನು ಇಲ್ಲವೆನ್ನುವುದು ಹೇಗೆ? ಒಪ್ಪಿಕೊಂಡ.

ಆ ಸಂಜೆ ಶರಣಮ್ಮ ಭಜ್ಜಿಯ ಪಾತ್ರೆ ಹಿಡಿದು ನಮ್ಮ ಟವರಿನ ಮನೆಮನೆಗೆ ಬಂದಳು. ಜೊತೆಗೆ ನಾನು. ಲಿಫ್ಟು ಬೇಡವೆಂದಳು. "ಈ ಮೆಟ್ಟಿಲು ನನಗ ಗುರ್ತಾವ" ಎಂದು ಒಂಬತ್ತು ಮಹಡಿಯನ್ನೂ ಹತ್ತಿದಳು. ಅವಳು ಹೊತ್ತ ಇಟ್ಟಿಗೆಯ ಗೋಡೆಗಳೊಳಗೆ ವಾಸವಿದ್ದವರು ಅವಳನ್ನು ಮೊದಲ ಸಲ ಬಾಗಿಲಲ್ಲಿ ನೋಡಿದರು. ಪ್ರತಿ ಮನೆಯಲ್ಲೂ ಒಂದು ಸೌಟು ಭಜ್ಜಿ, ಒಂದೇ ಮಾತು. ತೆಲುಗಿನವರಿಗೆ ನಾನು ಅದನ್ನೇ ತೆಲುಗಿನಲ್ಲಿ ಹೇಳಿದೆ: "ನಾಳಿ ಎಂಟಕ್ಕ ಹೋಗೂ ಕೆಲಸ ಇದ್ದವರು ಬಂದು ನಿಂದರ್ರಿ. ಕೆಲಸ ಇಲ್ಲದವರು ಬರಬ್ಯಾಡ್ರಿ, ಸುಳ್ಳು ಹತ್ತೂದು ಬ್ಯಾಡ." ಎಣಿಕೆ ಗೆಲ್ಲಲು ಒಂದಿಷ್ಟು ಸುಳ್ಳು ಹೇಳಿದರೇನು ಎಂದು ನಾನು ಗೊಣಗಿದೆ. "ಸುಳ್ಳಿಗೆ ನಿಂತ ಬಸ್ಸು ತಿಂಗಳಿಗೆ ನಿಲ್ಲೂದ ಬಿಡತೈತಿ" ಎಂದಳು.

ಮರುದಿನ ಎಂಟಕ್ಕೆ ಐದು ನಿಮಿಷವಿರುವಾಗ ಕಂಬದ ಹತ್ತಿರ ನಾವಿಬ್ಬರೇ, ಮತ್ತು ಎಣಿಸುವವನು. ಶೆಡ್ಡಿನವರು ಹಬ್ಬದ ದಣಿವಿನಲ್ಲಿ ಹಿಂದುಳಿದಿದ್ದರು. ಇನ್ನೊಂದು ರಾಜೀನಾಮೆ ಬರೆಯಲು ಎಷ್ಟು ಹೊತ್ತು ಬೇಕೆಂದು ಯೋಚಿಸುತ್ತಿದ್ದೆ. ಆಗ ಗೇಟಿನಿಂದ ಇಬ್ಬರು ಕಾಲೇಜು ಹುಡುಗಿಯರು ಬಂದರು. ಸಿಕಂದರಾಬಾದಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದ ನಾಲ್ಕನೆಯ ಮಹಡಿಯಾಕೆ ಬಂದಳು. ಬಿಪಿ ಮಾತ್ರೆಗೆ ಮಗನ ರಜೆಯನ್ನೇ ಕಾಯುತ್ತಿದ್ದ ನಿವೃತ್ತ ಮಾಸ್ತರರು, ಸೆಕ್ಯುರಿಟಿಯವನ ಹೆಂಡತಿ, ಅವರ ಹಿಂದೆ ನಾನು ಹೆಸರು ತಿಳಿಯದ ಹಲವರು. ಕೊನೆಗೆ ನಮ್ಮ ಅತ್ತೆ. ಎರಡು ತಿಂಗಳಿಂದ ಮುಂದೂಡಿದ್ದ ಹಲ್ಲಿನ ಡಾಕ್ಟರ ಭೇಟಿಗೆ ಹೊರಟಿದ್ದರು. "ನೆರಳಿಲ್ಲ, ಏನಿಲ್ಲ, ಇದೆಂಥಾ ಸ್ಟಾಪು" ಎಂದು ಬಂದ ಕೂಡಲೇ ಗದರಿದರು. ಅದನ್ನು ಸ್ಟಾಪು ಎಂದು ಕರೆದವರಲ್ಲಿ ಅವರೇ ಮೊದಲಿಗರು. ಎಣಿಸುವವನು ಹತ್ತೊಂಬತ್ತು ಎಂದು ಬರೆದುಕೊಂಡ.

ತಿಂಗಳೊಳಗೆ ಕಂಬಕ್ಕೆ ಹಲಗೆ ಬಂತು. ಇಲ್ಲಿಯ ಆಧಾರ್ ಇರುವ ಹೆಂಗಸರಿಗೆಲ್ಲ ಬಸ್ಸು ಪುಕ್ಕಟೆ. ಶರಣಮ್ಮನ ಕಾರ್ಡಿನಲ್ಲಿ ಸೇಡಂ ಕಡೆಯ ವಿಳಾಸವಿದ್ದುದರಿಂದ ಆ ಸ್ಟಾಪಿನಲ್ಲಿ ಟಿಕೇಟು ಕೊಳ್ಳುತ್ತಿದ್ದ ಹೆಂಗಸು ಅವಳೊಬ್ಬಳೇ. ನನಗೆ ಸಂಕಟವಾಗುತ್ತಿತ್ತು. ಅವಳು ಟಿಕೇಟನ್ನು ಬಳೆಗೆ ಸಿಕ್ಕಿಸಿಕೊಂಡು ಕಿಟಕಿಯ ಪಕ್ಕ ಕೂರುತ್ತಿದ್ದಳು. ಬಸ್ಸಿನೊಳಗೆ ಮಾತ್ರ ಅವಳು ಕೂರುತ್ತಿದ್ದದ್ದು.

ಬೇಸಿಗೆಗೆ ಶೆಡ್ಡುಗಳನ್ನು ಕಿತ್ತರು. ಅಲ್ಲಿ ಮಕ್ಕಳ ಪಾರ್ಕು ಬರಬೇಕಿತ್ತು. ಸಿದ್ದಪ್ಪನ ಮೇಸ್ತ್ರಿ ಬೇರೆ ದಿಕ್ಕಿನಲ್ಲಿ ಹೊಸ ಕಟ್ಟಡ ಹಿಡಿದಿದ್ದ. ನಾನು ಆಫೀಸಿನಲ್ಲಿದ್ದ ದಿನ ಅವರು ಟ್ರಾಕ್ಟರಿನಲ್ಲಿ ಹೋಗಿಬಿಟ್ಟರು. ಅತ್ತೆಯ ಕೈಯಲ್ಲಿ ಶರಣಮ್ಮ ನನಗೊಂದು ಡಬ್ಬಿ ಶೇಂಗಾ ಚಟ್ನಿ ಕೊಟ್ಟಿದ್ದಳು. ಆ ಮೇಲೆ ಸ್ಟಾಪಿಗೆ ತಗಡಿನ ಸೂರು ಬಂತು, ಸಿಮೆಂಟಿನ ಬೆಂಚು ಬಂತು. ಬಿಲ್ಡರನ ಹೊಸ ಪುಸ್ತಕದಲ್ಲಿ ಬಸ್ ಸ್ಟಾಪು ಗೇಟಿನ ಎದುರೇ ಎಂದು ಫೋಟೋ ಸಮೇತ ಅಚ್ಚಾಯಿತು. ಈ ಸಲ ಅದು ಸುಳ್ಳಲ್ಲ. ಹೊಸದಾಗಿ ಬಂದವರು ಬೆಂಚಿನ ಮೇಲೆ ಕೂತು ಬಸ್ಸು ಐದು ನಿಮಿಷ ತಡವೆಂದು ಬೈಯುತ್ತಾರೆ. ಅವರನ್ನು ಕಂಡರೆ ನನಗೆ ಸಿಟ್ಟು ಬರುವುದಿಲ್ಲ, ಒಳಗೊಳಗೇ ಖುಷಿಯಾಗುತ್ತದೆ.

ಅವಳನ್ನು ಕೊನೆಯ ಸಲ ನೋಡಿದ್ದು ಕಳೆದ ವರ್ಷ, ಒಂದು ಭಾನುವಾರ. ಸಹೋದ್ಯೋಗಿಯ ಮನೆಯ ಮದುವೆಗೆಂದು ಊರಿನ ಇನ್ನೊಂದು ಅಂಚಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಅರ್ಧ ಎದ್ದ ಕಟ್ಟಡವೊಂದರ ಎದುರು, ಬಯಲು ರಸ್ತೆಯಂಚಿನಲ್ಲಿ, ಒಬ್ಬ ಹೆಂಗಸು ನೆಟ್ಟಗೆ ನಿಂತಿದ್ದಳು. ಬಲಗೈ ಮೇಲಿತ್ತು. ಬಸ್ಸು ಹಾರ್ನ್ ಹೊಡೆದು ಮುಂದಕ್ಕೆ ಸಾಗಿತು. ನಾನು ಕಂಬಿ ಹಿಡಿಯುತ್ತ ಡ್ರೈವರನ ಬಳಿ ಓಡಿದೆ.

"ಇಕ್ಕಡ ಸ್ಟಾಪ್ ಲೇದಮ್ಮಾ" ಎಂದ, ಇಲ್ಲಿ ಸ್ಟಾಪಿಲ್ಲವೆಂದು.

"ಇದೆ. ಜನ ನಿಂತಿರುವುದು ಕಾಣುವುದಿಲ್ಲವೇ?" ಎಂದು ತೆಲುಗಿನಲ್ಲೇ ಜೋರು ಮಾಡಿದೆ. ಗೊಣಗುತ್ತ ಮೂವತ್ತು ಹೆಜ್ಜೆ ಮುಂದೆ ನಿಲ್ಲಿಸಿದ. ಇಳಿದು ತಿರುಗಿ ನೋಡಿದರೆ ಶರಣಮ್ಮ ನಿಂತಲ್ಲೇ ಇದ್ದಳು, ಓಡಿ ಬಂದಿರಲಿಲ್ಲ. ನಾನೇ ಹಿಂದಕ್ಕೆ ನಡೆದೆ. ಬಸ್ಸು ಹೊರಟುಹೋಯಿತು.

"ಯಾಕ ಇಳದಿ ತಂಗಿ? ಬಸ್ ಹೋತಲ್ಲ."

"ಹೋಗಲಿ ಬಿಡಕ್ಕ. ಎಷ್ಟು ದಿನ ಆತು ಇಲ್ಲಿ ನಿಂತು?"

"ಒಂಬತ್ತು. ಹಾರ್ನ್ ತನಕ ಬಂದೈತಿ."

ಅವಳ ಕೈ ಹಿಡಿದುಕೊಂಡೆ. ಕಣ್ಣು ತುಂಬಿ ಬಂತು, ಮುಚ್ಚಿಡಲಿಲ್ಲ. ನೌಕರಿ ಹೇಗಿದೆಯೆಂದು ಕೇಳಿದಳು, ಇದೆಯೆಂದೆ. ಅತ್ತೆಯ ಹಲ್ಲನ್ನೂ ವಿಚಾರಿಸಿದಳು. ಮುಂದಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಪಕ್ಕದಲ್ಲಿ ಕೂರುವಂಥ ಕಲ್ಲೊಂದಿತ್ತು, ನಾವಿಬ್ಬರೂ ಅದರ ಕಡೆ ನೋಡಲಿಲ್ಲ. ಆಗ ಕಟ್ಟಡದ ಗೇಟು ಕಿರ್ರೆಂದಿತು. ಕಂಕುಳಲ್ಲಿ ಕೂಸು ಎತ್ತಿಕೊಂಡ ಒಬ್ಬ ಹೆಂಗಸು ಹೊರಗೆ ಬಂದು, ನಮ್ಮಿಬ್ಬರನ್ನೂ ನೋಡಿ, ಹೋಗಲೋ ಬೇಡವೋ ಎಂಬಂತೆ ತಡೆದು, ಮೆಲ್ಲಗೆ ನಮ್ಮ ಕಡೆಗೇ ನಡೆದಳು.

"ಅಕಾ, ಅಲ್ನೋಡು" ಎಂದಳು ಶರಣಮ್ಮ, "ಮೂರನೇದಾಕಿ ಬಂದ್ಲು."

ನಾನು ಮದುವೆಯ ಸೀರೆಯ ಸೆರಗು ಸಿಕ್ಕಿಸಿ ಅವರಿಬ್ಬರ ಪಕ್ಕದಲ್ಲಿ ನೆಟ್ಟಗೆ ನಿಂತೆ.