ಖಾಲಿ ಹಾಳೆ ಓದಿದ ಪ್ರಿಂಟರ್ ಅಕ್ಕ

ಮುಸುಕು ತೆಗೆಯುವ ಮೊದಲು ಶಾಹೀಸ್ತಾ ಯಂತ್ರಕ್ಕೆ ಕಿವಿ ಹಚ್ಚುತ್ತಾರೆ. ಗೊರೇಬಾಳದ ವೀರೇಂದ್ರ ಅವರ ಮನೆ, ಬೆಳಗಿನ ಆರು ಕೂಡ ಆಗಿಲ್ಲ. ಹೊರಗೆ ಕಾಲುವೆ ನೀರಿನ ಸಪ್ಪಳ, ಗದ್ದೆ ಕಡೆಯಿಂದ ಕಪ್ಪೆಗಳ ವಟವಟ. ನಡುಮನೆಯ ಮೂಲೆಯಲ್ಲಿ ಹಳೆಯ ಸೀರೆ ಹೊದ್ದು ಕೂತಿರುವ ಪ್ರಿಂಟರ್ ಏಳು ತಿಂಗಳಿಂದ ಒಂದು ಹಾಳೆಯನ್ನೂ ಕಂಡಿಲ್ಲ. ಶಾಹೀಸ್ತಾ ಸ್ವಿಚ್ಚು ಒತ್ತುತ್ತಾರೆ. ಒಳಗೆ ಏನೋ ನಿಧಾನಕ್ಕೆ ಹೊರಳುತ್ತದೆ, ನಿಲ್ಲುತ್ತದೆ, ಮತ್ತೆ ಹೊರಳುತ್ತದೆ. ಮನೆಮಂದಿಯೆಲ್ಲ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.

"ಅಂಜಬ್ಯಾಡ್ರಿ, ನಿದ್ದಿಗಣ್ಣಾಗ ಐತಿ," ಎನ್ನುತ್ತಾರೆ ಶಾಹೀಸ್ತಾ. "ಆದ್ರ ಬಾಯಿ ತಕ್ಕೊಂಡು ಮಲಗೈತಿ. ಬೋರ್ಡಿನ ಸ್ವಿಚ್ ಒಮ್ಮಿಗೇ ಆರಿಸಿದವರು ಯಾರು?"

ವೀರೇಂದ್ರ ತಲೆ ಕೆರೆದುಕೊಂಡು, "ಗುಡುಗು ಮಿಂಚು ಬಂತಂದ್ರ ಮನ್ಯಾನ ಎಲ್ಲಾ ಸ್ವಿಚ್ ಆರಸ್ತೀವಲ್ರೀ ಅಕ್ಕಾರ," ಎನ್ನುತ್ತಾರೆ. ಆಗಿದ್ದು ಅಷ್ಟೇ. ಯಂತ್ರದ್ದೇ ಗುಂಡಿ ಒತ್ತಿ ಆರಿಸಿದರೆ ಮಸಿ ಉಗುಳುವ ಹೆಡ್ಡು ತನ್ನ ಮೂಲೆಗೆ ಸರಿದು, ರಬ್ಬರಿನ ಮುಚ್ಚಳದ ಮೇಲೆ ಬಾಯಿ ಮುಚ್ಚಿ ಕೂಡುತ್ತದೆ. ಬೋರ್ಡಿನಲ್ಲಿ ಕರೆಂಟು ಕಿತ್ತರೆ ಎಲ್ಲಿತ್ತೋ ಅಲ್ಲೇ ಬಾಯಿ ತೆರೆದು ಉಳಿಯುತ್ತದೆ, ಮಸಿ ಗಂಟಲಲ್ಲೇ ಒಣಗುತ್ತದೆ.

ಪರೀಕ್ಷೆಯ ಹಾಳೆ ಹೊರಗೆ ಬರುತ್ತದೆ. ಕಪ್ಪು ಗೆರೆ ಅರ್ಧ, ನೀಲಿ ಕಾಲು, ಗುಲಾಬಿ ಇಲ್ಲವೇ ಇಲ್ಲ. ಹಳದಿ ಇದೆಯೋ ಇಲ್ಲವೋ ಬರಿಗಣ್ಣಿಗೆ ತಿಳಿಯುವುದಿಲ್ಲ. ಶಾಹೀಸ್ತಾ ಕಿಟಕಿ ಮುಚ್ಚಿಸಿ, ಅಂಗಡಿಯವರು ಕಳ್ಳನೋಟು ನೋಡಲು ಇಟ್ಟುಕೊಳ್ಳುವಂಥ ಸಣ್ಣ ನೀಲಿ ಟಾರ್ಚು ಬಿಡುತ್ತಾರೆ. ಏನೂ ಇಲ್ಲದ ಕಡೆ ಗೆರೆಗಳು ಕರ್ರಗೆ ಎದ್ದು ನಿಲ್ಲುತ್ತವೆ. "ಹಳದಿ ಜೀವಂತ ಐತ್ರೀ. ಉಳಿದ ಮೂರನ್ನ ಎಬ್ಬಸ್ಬೇಕು," ಎಂದು ಥರ್ಮಾಸಿನಿಂದ ಉಗುರುಬೆಚ್ಚನೆ ನೀರು ಬಗ್ಗಿಸುತ್ತಾರೆ.

ಮಸ್ಕಿಯ ಶಾಹೀಸ್ತಾ ಅವರಿಗೆ ಈಗ ಮೂವತ್ತೇಳು. ಸಿಂಧನೂರು, ಲಿಂಗಸುಗೂರು, ಮಸ್ಕಿ ಸುತ್ತ 'ಪ್ರಿಂಟರ್ ಅಕ್ಕ' ಎಂದರೆ ಸಾಕು. ಸ್ಕೂಟಿಯ ಡಿಕ್ಕಿಯಲ್ಲಿ ಸಿರಿಂಜು, ಹತ್ತಿ ಬಟ್ಟೆ, ನಾಲ್ಕು ಬಣ್ಣದ ಬಾಟಲಿ. ದಿನಕ್ಕೆ ನಾಲ್ಕೈದು ಮನೆ, ಎಪ್ಪತ್ತು ಕಿಲೋಮೀಟರು. ಫೋನಿನಲ್ಲಿ ಇನ್ನೂರ ಅರವತ್ತು ಮನೆಯ ನಂಬರಿವೆ, ಆದರೆ ಹೆಸರು ಮನುಷ್ಯರದ್ದಲ್ಲ: 'ವಳಕಮದಿನ್ನಿ ಕೆಮ್ಮೋದು', 'ಮಸ್ಕಿ ಹಾಳೆ ನುಂಗೋದು'. ವೀರೇಂದ್ರ ಅವರ ಮನೆ 'ಗೊರೇಬಾಳ ಬಾಯಿ ಒಣಗಿದ್ದು' ಎಂದು ಇವತ್ತಷ್ಟೇ ಸೇರಿದೆ.

ಸಿಂಧನೂರಿನ ಬಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಒಂಬತ್ತು ವರ್ಷ ನಿಂತು ದುಡಿದವರು ಅವರು. ಕೊರೊನಾ ಬಂತು, ಶಾಲೆ ಮನೆಗೇ ಬಂತು, ಕಂಡಕಂಡವರೆಲ್ಲ ಪ್ರಿಂಟರ್ ತಂದರು. ಶಾಲೆ ಬಾಗಿಲು ತೆರೆದದ್ದೇ ತಡ, ಅವುಗಳಿಗೆಲ್ಲ ಮುಸುಕು ಬಿತ್ತು. "ತಂದ್ರು, ಹೊದಿಸಿದ್ರು, ಮರತ್ರು. ಆಮ್ಯಾಲ ಒಂದಿನ ಹಾಲ್ ಟಿಕೇಟ್ ಬೇಕಂದ್ರ ಅದು ಎಲ್ಲಿ ಏಳ್ತೈತ್ರೀ?" ಎಂದು ನಗುತ್ತಾರೆ. ಯಂತ್ರ ಇರುವುದು ಒಳಕೋಣೆಯಲ್ಲಿ, ಹಗಲು ಮನೆಯಲ್ಲಿರುವುದು ಹೆಣ್ಣುಮಕ್ಕಳು. ಗಂಡಸು ಮೆಕ್ಯಾನಿಕ್ಕನ್ನು ಒಳಗೆ ಬಿಡಲು ಹಿಂದುಮುಂದು ನೋಡುವವರು ಇವರಿಗೆ ಚಹಾ ಇಟ್ಟೇ ಕರೆಯುತ್ತಾರೆ.

ಸುಖದ ಕೆಲಸವೇನಲ್ಲ. ಮೇ ತಿಂಗಳ ಬಿಸಿಲಲ್ಲಿ ಲಿಂಗಸುಗೂರು ರಸ್ತೆ ಎಂದರೆ ಕಾದ ಹಂಚು. ಮನೆ ಯಜಮಾನರು ಬೆನ್ನ ಹಿಂದೆ ನಿಂತು, "ನಿನಗ ಬರ್ತೈತೇನವಾ ಇದು?" ಎಂದು ಪರೀಕ್ಷೆ ತೆಗೆದುಕೊಳ್ಳುವುದುಂಟು. ಬೆರಳಿನ ಮಸಿ ಯಾವ ಸಾಬೂನಿಗೂ ಬಗ್ಗುವುದಿಲ್ಲ. ಮದುವೆಗೆ ಮದರಂಗಿ ಹಚ್ಚಿಕೊಂಡರೆ ಅದರ ಕೆಳಗಿಂದ ನೀಲಿ ಇಣುಕುತ್ತದೆ. "ನನ್ನ ಗಂಡ ಶಕೀಲ್ ಲಾರಿ ಹೊಡೀತಾರ, ಅವರ ಕೈ ಡೀಸೆಲ್ಲು, ನಂದು ಮಸಿ. ಒಬ್ಬರಿಗೊಬ್ಬರು ಏನೂ ಅನ್ನಾಂಗಿಲ್ಲ," ಎನ್ನುತ್ತಾರೆ.

ಯಾವ ಪ್ರಿಂಟರ್ ಕೊಳ್ಳಲಿ ಎಂದು ಕೇಳಿದವರಿಗೆ ಅವರದು ಒಂದೇ ತಿರುಪ್ರಶ್ನೆ: ತಿಂಗಳಿಗೆ ಎಷ್ಟು ಹಾಳೆ? "ಒಂದು ಪಹಣಿ, ಒಂದು ಆಧಾರ್ ಅಂದ್ರ ಯಾಕ್ ಬೇಕ್ರೀ? ಅಂಗಡಿಗೆ ಹೋಗಿ ಬರ್ರಿ. ಇರಲೇಬೇಕಂದ್ರ ಮಸಿ ಬದ್ಲಿ ಪುಡಿ ಹಾಕೂ ಲೇಸರ್ ತಗೋರಿ, ಪುಡಿ ವರ್ಷ ಬಿದ್ರೂ ಒಣಗಂಗಿಲ್ಲ. ಬಣ್ಣ ಬೇಕಂದ್ರ ಮಸಿದು. ಆದ್ರ ವಾರಕ್ಕೊಂದು ಹಾಳಿ ನಾಕೂ ಬಣ್ಣದಾಗ ತಗೀಲೇಬೇಕು." ಈ ಮಾತು ಕೇಳಿದ ಜನ ವಾರಕ್ಕೊಂದು ದೇವರ ಫೋಟೋ ತೆಗೆದರು! ತೆಗೆದದ್ದನ್ನು ಹರಿಯುವುದು ಹೇಗೆ, ಎಸೆಯುವುದು ಎಲ್ಲಿ? ಒಂದು ಮನೆಯಲ್ಲಿ ಅರವತ್ತು ದೇವರು ಗಂಟು ಕಟ್ಟಿಸಿಕೊಂಡು ಅಟ್ಟದ ಮೇಲೆ ಕೂತಿವೆ. ಈಗ ಶಾಹೀಸ್ತಾ ತಾವೇ ಬದನೆಕಾಯಿ, ಮೆಣಸಿನಕಾಯಿ, ಲಿಂಬೆಹಣ್ಣಿನ ಚಿತ್ರ ಕಳಿಸಿಕೊಡುತ್ತಾರೆ.

ಇನ್ನು ಈ ಯಂತ್ರಗಳ ಇನ್ನೊಂದು ಚಾಳಿ. ಕೊಟ್ಟ ಕೆಲಸವನ್ನು ಅವು ಬಿಡುವುದಿಲ್ಲ. ಸಂತೆಕಲ್ಲೂರಿನ ಒಂದು ಮನೆಯಲ್ಲಿ ಎಂಟು ತಿಂಗಳ ಮೇಲೆ ಕಂಪ್ಯೂಟರು, ಪ್ರಿಂಟರು ಎರಡಕ್ಕೂ ಕರೆಂಟು ಕೊಟ್ಟದ್ದೇ, ಯಾರೂ ಮುಟ್ಟದೆ ಗರಗರ ಸದ್ದು ಮಾಡಿ ಮದುವೆ ಕರೆಯೋಲೆ ಹೊರಬಂತು. ಮುರಿದುಹೋದ ಮದುವೆ ಅದು. ಹುಡುಗಿ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ಅದನ್ನೂ ಶಾಹೀಸ್ತಾ ಹೇಗೋ ನಗುತ್ತಲೇ ಹೇಳಿಯಾರು, ಆದರೆ ಲಿಂಗಸುಗೂರಿನ ಶಿವಬಸಮ್ಮ ಅವರ ಮನೆಯ ಮಾತು ಬಂದರೆ ದನಿ ತಾನಾಗಿ ಇಳಿಯುತ್ತದೆ.

ಹೋದ ಶ್ರಾವಣದ ಒಂದು ಮಧ್ಯಾಹ್ನ ಫೋನು ಬಂತು. ಶಿವಬಸಮ್ಮ ಅರವತ್ತು ದಾಟಿದವರು. ಗಂಡ ಬಸವಂತರಾಯರು ಹೈಸ್ಕೂಲ್ ಮಾಸ್ತರರಾಗಿದ್ದವರು, ತೀರಿಕೊಂಡು ನಾಲ್ಕು ತಿಂಗಳಾಗಿತ್ತು. "ತಂಗಿ, ನಮ್ಮನಿಯವರು ಮತ್ತ ಹಾಳಿ ಕೊಟ್ರು. ಲಗೂನ ಬಾರವ್ವಾ," ಎಂದಷ್ಟೇ ಹೇಳಿ ಆ ತಾಯಿ ಫೋನು ಇಟ್ಟುಬಿಟ್ಟರು.

ಶಾಹೀಸ್ತಾ ಹೋದಾಗ ಶಿವಬಸಮ್ಮ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು, ಒಳಗೆ ಹೋಗಲು ಧೈರ್ಯವಿಲ್ಲ. ಅಲ್ಲೇ ಕೂತು ಕಥೆ ಹೇಳಿದರು. ಕೊನೆಯ ಎರಡು ತಿಂಗಳು ಬಸವಂತರಾಯರಿಗೆ ಲಕ್ವಾ ಹೊಡೆದು ಮಾತು ಹೋಗಿತ್ತು, ಬಲಗೈ ಬಿದ್ದಿತ್ತು. ದಿನಾ ಬೆಳಿಗ್ಗೆ ಹೆಂಡತಿ ಪೂಜೆಗೆ ಕೂತ ಹೊತ್ತಿನಲ್ಲಿ ಎಡಗೈಯ ಒಂದೇ ಬೆರಳಿನಿಂದ ಕಂಪ್ಯೂಟರಿನಲ್ಲಿ ಕುಟ್ಟುತ್ತ, ಒಂದು ಹಾಳೆ ತೆಗೆದು, ಕಂಪ್ಯೂಟರ್ ಆರಿಸಿ, ಆ ಹಾಳೆಯನ್ನು ಹೆಂಡತಿಯ ಕೈಗೆ ಕೊಡುತ್ತಿದ್ದರು. ಹಾಳೆ ಖಾಲಿ ಇರುತ್ತಿತ್ತು. ಕಣ್ಣಿಗೆ ಪೊರೆ ಬಂದಿದ್ದ ಮಾಸ್ತರರಿಗೆ ಪರದೆ ಮೇಲಿನ ದಪ್ಪಕ್ಷರ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ಖಾಲಿ ಹಾಳಿ ಕೊಟ್ಟು ನನ್ನ ಮಾರೀನ ನೋಡ್ತಿದ್ರವ್ವಾ. ನನಗ ಮೈ ಜುಮ್ ಅಂತಿತ್ತು. ತಲಿ ಕೆಟ್ಟೈತಿ ಅಂತ ತಿಳಿದೆ. ಮನಸು ನೋಯಿಸಬ್ಯಾಡ್ರಿ ಅಂತ ಡಾಕ್ಟರು ಹೇಳಿದ್ರು. ನಾನೂ ಓದಿದಂಗ ಕಣ್ಣಾಡಿಸಿ, ಆತ್ರಿ, ಎಲ್ಲಾ ಆತು, ಮನಸಿಗೆ ಹಚ್ಚಿಕೋಬ್ಯಾಡ್ರಿ ಅಂತಿದ್ದೆ. ಅವರು ಕೈ ಹಿಡಕೊಂಡು ಅಳ್ತಿದ್ರು." ಕಂಪ್ಯೂಟರನ್ನು ತಿಥಿ ಮುಗಿದ ಮೇಲೆ ಅಳಿಯ ಒಯ್ದು, ಇದ್ದದ್ದೆಲ್ಲ ಅಳಿಸಿಬಿಟ್ಟಿದ್ದ. ಪ್ರಿಂಟರ್ ಮಾತ್ರ ಕೋಣೆಯಲ್ಲೇ ಉಳಿದಿತ್ತು. ಆ ಬೆಳಿಗ್ಗೆ ಫೋನ್ ಚಾರ್ಜಿಗೆಂದು ಶಿವಬಸಮ್ಮ ಅಲ್ಲಿನ ಬೋರ್ಡಿನ ಸ್ವಿಚ್ಚು ಒತ್ತಿದ್ದೇ, ಯಂತ್ರ ತಾನಾಗಿ ಎದ್ದು ಒಂದು ಬಿಳಿ ಹಾಳೆಯನ್ನು ಮೆಲ್ಲಗೆ ಹೊರಗೆ ಚಾಚಿತು. ಶಿವಬಸಮ್ಮ ಚೀರಿ ಬಾಗಿಲು ಎಳೆದುಕೊಂಡವರು ಮತ್ತೆ ತೆರೆದಿರಲಿಲ್ಲ.

"ದೆವ್ವ ಅಲ್ರೀ ಅಮ್ಮಾ. ಹಿಂದ ಯಾವಾಗೋ ಹಾಳಿ ನಡಕ ಬಂದಾಗ ಕರೆಂಟು ಹೋಗೈತಿ, ಆಮ್ಯಾಲ ಯಾರೋ ಸ್ವಿಚ್ ಆರಿಸ್ಯಾರ. ಸಿಕ್ಕೊಂಡಿದ್ದನ್ನ ಈಗ ಹೊರಗ ಹಾಕೈತಿ," ಎಂದು ಸಮಾಧಾನ ಹೇಳಿ ಶಾಹೀಸ್ತಾ ಒಳಗೆ ಹೋದರು. ಪರೀಕ್ಷೆಯ ಹಾಳೆ ತೆಗೆದರೆ ಕಪ್ಪಿಲ್ಲ, ನೀಲಿ ಇಲ್ಲ, ಗುಲಾಬಿ ಇಲ್ಲ. ಕಿಟಕಿ ಮುಚ್ಚಿ ಟಾರ್ಚು ಬಿಟ್ಟರು. ಹಳದಿಯ ಗೆರೆ ಒಂದೂ ತಪ್ಪದೆ ನಿಂತಿತ್ತು. ಆಗ ಅವರಿಗೆ ಒಂದು ಹಳೆಯ ಫೋನು ನೆನಪಾಯಿತು.

ಹಿಂದಿನ ದೀಪಾವಳಿ ಹೊತ್ತಿಗೆ, ಮಾತು ಇನ್ನೂ ಇದ್ದಾಗ, ಬಸವಂತರಾಯರು ಫೋನು ಮಾಡಿ ಕಪ್ಪು ಬರುತ್ತಿಲ್ಲ ಎಂದಿದ್ದರು. ಶಾಹೀಸ್ತಾ ಆಗ ಸಿಂಧನೂರಿನಲ್ಲಿ ಕೆಲಸದ ಗಡಿಬಿಡಿಯಲ್ಲಿದ್ದರು. "ಬಣ್ಣದಾಗ ಕಪ್ಪು ಮಾಡೂ ಸೆಟ್ಟಿಂಗ್ ಹಾಕ್ರಿ ಸರ್, ಮೂರೂ ಕೂಡಿ ಕಪ್ಪಾಗ್ತೈತಿ. ಮುಂದಿನ ವಾರ ಬರ್ತೀನಿ," ಎಂದವರು ಹೋಗುವುದನ್ನು ಮರೆತೇಬಿಟ್ಟಿದ್ದರು. ಆಮೇಲೆ ಆ ಮೂರರಲ್ಲೂ ನೀಲಿ, ಗುಲಾಬಿ ಎರಡು ಒಣಗಿದ್ದವು. ಮಾಸ್ತರರು ಬರೆದದ್ದೆಲ್ಲ ಬರೀ ಹಳದಿಯಲ್ಲಿ, ಯಾರ ಕಣ್ಣಿಗೂ ಕಾಣದ ಹಾಗೆ ಅಚ್ಚಾಗಿತ್ತು. ಟ್ರೇಯಲ್ಲಿದ್ದ ಬಿಳಿ ಹಾಳೆಯ ಮೇಲೆ ಶಾಹೀಸ್ತಾ ಟಾರ್ಚು ಹಿಡಿದರು. ಅಕ್ಷರಗಳು ಎದ್ದು ಬಂದವು.

"ಓದು," ಎಂದಿತು ಬೆನ್ನ ಹಿಂದಿನ ದನಿ. ಶಿವಬಸಮ್ಮ ಯಾವಾಗ ಒಳಗೆ ಬಂದಿದ್ದರೋ.

"ಮಂದಿ ಮನಿ ಹಾಳಿ ನಾ ಓದಂಗಿಲ್ರೀ ಅಮ್ಮಾ."

"ನನಗ ಕೊಟ್ಟ ಹಾಳಿ ಅದು. ನಾ ಹೇಳಾಕತ್ತೀನಿ, ಓದು."

ಮೊದಲಿನ ಹಾಳೆಗಳನ್ನು ತರಲು ಶಾಹೀಸ್ತಾ ಹೇಳಿದರು. ಇದ್ದದ್ದು ಹನ್ನೊಂದು. ಉಳಿದವನ್ನು ಶಿವಬಸಮ್ಮ ರೊಟ್ಟಿ ಬುಟ್ಟಿಗೆ ಹಾಸಿದ್ದರು, ಒಲೆಗೆ ಹಾಕಿದ್ದರು. ಖಾಲಿ ಹಾಳೆ ತಾನೆ, ಯಾರಾದರೂ ಅದನ್ನೇ ಮಾಡುತ್ತಿದ್ದರು. ಕತ್ತಲು ಮಾಡಿದ ಕೋಣೆಯಲ್ಲಿ ಒಂದೊಂದನ್ನೇ ನೀಲಿ ಬೆಳಕಿಗೆ ಹಿಡಿದು ಶಾಹೀಸ್ತಾ ಓದುತ್ತ ಹೋದರು. ಸತ್ತವರ ಮಾತು ಅವರ ಬಾಯಲ್ಲಿ ಬರುತ್ತಿತ್ತು. ಮೂರನೆಯದರಲ್ಲಿ ಹೀಗಿತ್ತು: 'ಮೂವತ್ತಾರು ವರ್ಷದ ಹಿಂದೆ ನಿನ್ನ ಶಿಕ್ಷಕಿ ಕೆಲಸದ ಆದೇಶ ಬಂದಿತ್ತು. ವಳಕಮದಿನ್ನಿ ಶಾಲೆ. ನಾನೇ ಸಹಿ ಹಾಕಿ ತೆಗೆದುಕೊಂಡು ಸುಟ್ಟುಬಿಟ್ಟೆ. ನೀನು ದೂರ ಹೋಗುತ್ತೀ ಎಂದು ಹೆದರಿದೆ. ಕೇಳಿದಾಗೆಲ್ಲ ನಿನ್ನ ನಂಬರು ಬಂದಿಲ್ಲ ಎಂದೆ. ನನ್ನನ್ನು ಕ್ಷಮಿಸುತ್ತೀಯಾ?'

ಮುಂದಿನ ಹಾಳೆಗಳಲ್ಲೆಲ್ಲ ಅದೇ ಪ್ರಶ್ನೆ. ಶಿವಬಸಮ್ಮ ಅಳಲಿಲ್ಲ. "ಟಪಾಲಿನವನ ದಾರಿ ನೋಡಿ ನೋಡಿ ಒಂದು ವರ್ಷ ಕಳದೆ. ನಾನ ದಡ್ಡಿ ಅಂತ ತಿಳಕೊಂಡು ಬಾಳೇವು ಮಾಡಿದೆನಲ್ಲವ್ವಾ," ಎಂದರು. ಆಮೇಲೆ, ಯಂತ್ರದ ಹೊಟ್ಟೆಯಲ್ಲಿ ನಾಲ್ಕು ತಿಂಗಳು ಇದ್ದ ಹಾಳೆಯನ್ನು ತಾವೇ ಎತ್ತಿ ಬೆಳಕಿನ ಕೆಳಗೆ ಇಟ್ಟರು. ಅದರಲ್ಲಿ ಎರಡೇ ಸಾಲು: 'ನೀನು ಆತು ಎಂದೆ. ಓದಿ ಎಂದೆಯೋ, ನನ್ನ ಸಮಾಧಾನಕ್ಕೆ ಎಂದೆಯೋ? ಒಮ್ಮೆ ಖರೆ ಹೇಳಿಬಿಡು.' ಅದರ ಕೆಳಗೆ ನೀಲಿ ಬೆಳಕಿನಲ್ಲೂ ಏನೂ ಇರಲಿಲ್ಲ. ಕರೆಂಟು ಹೋದ ಆ ದಿನವೇ ಅವರನ್ನು ಆಸ್ಪತ್ರೆಗೆ ಒಯ್ದದ್ದು, ಮರಳಿ ಬರಲಿಲ್ಲ.

ಶಾಹೀಸ್ತಾ ಟಾರ್ಚು ಆರಿಸಿ, ದೀಪಾವಳಿಯ ಫೋನಿನ ವಿಷಯವನ್ನು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟರು. "ನಂದ ತಪ್ಪು ಅಮ್ಮಾ. ಅವತ್ತು ನಾ ಬಂದಿದ್ರ ಹಾಳಿ ಕರ್ರಗ ಬರ್ತಿದ್ವು," ಎಂದು ಅತ್ತುಬಿಟ್ಟರು.

ಕತ್ತಲಲ್ಲೇ ಶಿವಬಸಮ್ಮ ಹಾಳೆಗಳನ್ನೆಲ್ಲ ಅಂಚು ಕೂಡಿಸಿ ಜೋಡಿಸಿದರು. "ಕರ್ರಗ ಬಂದಿದ್ರ, ಸಾಯೂ ಮನಷ್ಯಾಗ ನಾ ಏನಂತಿದ್ದೆನೋ ನನಗ ಗೊತ್ತಿಲ್ಲವ್ವಾ," ಎಂದರು. "ಆದ್ರ ನಾ ಆತು ಅಂದಿದ್ದು ಖಾಲಿ ಹಾಳಿಗೆ. ಇದಕ್ಕ ಇನ್ನಾ ಅಂದಿಲ್ಲ. ಅವರು ಖರೆ ಕೇಳ್ಯಾರ. ಅಚ್ಚಿನ್ಯಾಗ ಕೇಳ್ಯಾರ, ನಾನೂ ಅಚ್ಚಿನ್ಯಾಗ ಹೇಳ್ತೀನಿ. ನನಗ ಕಪ್ಪು ಹಾಕಿ ಕೊಡು."

ಹೆಡ್ಡನ್ನು ಬಿಡಿಸಿ ಮೂರು ದಿನ ನೆನೆಸಬೇಕಾಯಿತು. ಫೋನಿನಲ್ಲಿ ಕನ್ನಡ ಕುಟ್ಟುವುದನ್ನೂ, ಅಲ್ಲಿಂದಲೇ ಹಾಳೆ ತೆಗೆಯುವುದನ್ನೂ ಕಲಿಸಲು ಇನ್ನೆರಡು ದಿನ. ಅಂದಿನಿಂದ ಪ್ರತಿ ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಬಸವಂತರಾಯರ ಕೋಣೆಯಿಂದ ಗರಗರ ಸದ್ದು ಕೇಳುತ್ತದೆ. ಓಣಿಯವರು ಆ ಕಿಟಕಿಯ ಮುಂದೆ ಬಿರಬಿರನೆ ಹೆಜ್ಜೆ ಹಾಕುತ್ತಾರೆ. ಒಳಗೆ ಶಿವಬಸಮ್ಮ ಹಾಳೆಯನ್ನು ಒಮ್ಮೆ ಗಟ್ಟಿಯಾಗಿ ಓದಿ, ಗಂಡನ ಕುರ್ಚಿಯ ಮೇಲೆ ಇಡುತ್ತಾರೆ. ಒಂದು ಹಾಳೆಗೆ ಮುಗಿಯುವ ಉತ್ತರವಲ್ಲ ಅದು. ಇವತ್ತಿಗೆ ಮೂವತ್ತು ದಾಟಿದೆ.

ಶಾಹೀಸ್ತಾ ತಿಂಗಳಿಗೊಮ್ಮೆ ಹೋಗಿ ಮಸಿ ನೋಡಿ ಬರುತ್ತಾರೆ, ಕರೆಯದಿದ್ದರೂ. ಆ ಹಾಳೆಗಳಲ್ಲಿ ಏನಿದೆ, ಕ್ಷಮಿಸಿದ್ದಾರೋ ಬೈದಿದ್ದಾರೋ ಎಂದು ಕೇಳಿದರೆ ಬೆರಳಿನ ಮಸಿಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ತಲೆ ಅಲ್ಲಾಡಿಸುತ್ತಾರೆ.

"ನಾ ಓದಿಲ್ರೀ. ಗೆರಿ ಅಷ್ಟ ನೋಡ್ತೀನಿ. ಕಪ್ಪು ಗಟ್ಟಿ ಬರಾಕತ್ತೈತಿ, ಒಂದು ಅಕ್ಷರ ಸುದ್ದಾ ಬಿಟ್ಟಿಲ್ಲ."